ಕಾರಣ ಬರೆದ ಗೋಡೆ

"ಯಾರ್ರೀ ಈ ಗ್ವಾಡಿ ಮಾಡಿದವ್ರು?!"

ಆ ದನಿಗೆ ಇಡೀ ಯಾರ್ಡ್ ತಿರುಗಿ ನೋಡಿತು. ಕ್ರೇನಿನ ಕೊಕ್ಕೆಗೆ ಸಿಕ್ಕಿಸಿದ ಕಾಂಕ್ರೀಟ್ ಗೋಡೆಯೊಂದು ಎರಡನೇ ಮಹಡಿಯ ಎತ್ತರದಲ್ಲಿ ಸುಮ್ಮನೆ ತೂಗುತ್ತಿತ್ತು. ಎಡಕ್ಕೆ ಇರಬೇಕಾದ ಅದರ ಬಾಗಿಲು ಬಲಕ್ಕೆ ಬಂದಿತ್ತು!

ಕೂಗಿದವನು ಫಕೀರೇಶ. ಕೆಂಗೇರಿಯ ಆಚೆ ಏಳುತ್ತಿದ್ದ ಆ ಅಪಾರ್ಟ್‌ಮೆಂಟಿನ ಸೈಟ್ ಇಂಜಿನಿಯರ್. ಗದಗ ಕಡೆಯವನು. ಇವನಿಗೆ ಸಿಟ್ಟು ಬಂದರೆ ಕ್ರೇನಿನವನಿಗೆ ವಾಕಿಟಾಕಿ ಬೇಕಿಲ್ಲ ಎಂದು ಕೆಲಸದವರು ನಗುತ್ತಿದ್ದರು. ಇವತ್ತು ಯಾರೂ ನಗಲಿಲ್ಲ.

"ನಾನು."

ಹಳದಿ ಹೆಲ್ಮೆಟ್ಟಿನ ಕೆಳಗಿಂದ ಬಂದ ದನಿ ಅದು. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಇಳಿಯುವ ಸ್ಟಾಪಿನ ಹೆಸರು ಹೇಳುತ್ತೇವಲ್ಲ, ಅಷ್ಟೇ ಸಪ್ಪೆಯಾಗಿತ್ತು.

ಫಕೀರೇಶ ತಿರುಗಿದ. "ನೀವಾ?"

"ಹೌದು. ರಮ್ಯಶ್ರೀ ಅಂತ. ವಿಜಯನಗರದ ಡಿಸೈನ್ ಆಫೀಸಿಂದ ಬಂದಿದೀನಿ. ಈ ಗೋಡೆ ಮಾಡೆಲ್ ಮಾಡಿದ್ದು ನಾನೇ."

ಇಲ್ಲಿ ಗೋಡೆಯನ್ನು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟುವುದಿಲ್ಲ. ಮೊದಲು ರಮ್ಯಶ್ರೀಯಂಥವರು ಕಂಪ್ಯೂಟರಿನಲ್ಲಿ ಒಂದೊಂದು ಗೋಡೆಯನ್ನೂ ಬಾಗಿಲು, ಕಿಟಕಿ, ಸ್ವಿಚ್ ಬೋರ್ಡಿನ ಗೂಡು ಸಮೇತ ಮಾಡಿ ನಂಬರ್ ಕೊಡುತ್ತಾರೆ. ಆಮೇಲೆ ಯಾರ್ಡಿನಲ್ಲಿ ಅದೇ ಅಳತೆಯ ಅಚ್ಚಿಗೆ ಕಾಂಕ್ರೀಟ್ ಹೊಯ್ದು, ಮಲಗಿಸಿದ ಗೋಡೆಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಕಂಪ್ಯೂಟರಿನಲ್ಲಿ ತಪ್ಪಿದರೆ ಅಳಿಸಬಹುದು. ಕಾಂಕ್ರೀಟಿನಲ್ಲಿ ತಪ್ಪಿದರೆ ಹೀಗೆ ಎಲ್ಲರೂ ಕತ್ತೆತ್ತಿ ನೋಡಬೇಕಾಗುತ್ತದೆ.

"ಏನ್ ಮಾಡೀರಿ ಅಂತರ ಗೊತ್ತೈತೇನ್ರೀ?"

"ಗೊತ್ತು. ಎಡಗಡೆ ಫ್ಲಾಟನ್ನ ಮಿರರ್ ಮಾಡಿ ಬಲಗಡೆ ಫ್ಲಾಟ್ ಮಾಡಿದೀನಿ. ಕನ್ನಡೀಲಿ ನೋಡ್ದಂಗೆ ಎಲ್ಲಾ ತಿರುಗುತ್ತೆ. ಆದ್ರೆ ಸಾಫ್ಟ್‌ವೇರ್ ಎರಡು ಗೋಡೆಗೂ ಒಂದೇ ನಂಬರ್ ಇಟ್ಕೊಂಡ್ಬಿಡುತ್ತೆ. ನಾವೇ ಬೇರೆ ನಂಬರ್ ಕೊಡ್ಬೇಕು. ನಾನು ಕೊಡ್ಲಿಲ್ಲ. ಅದಕ್ಕೇ ನಿಮ್ಮೋರು ಎರಡೂ ಕಡೆಗೂ ಒಂದೇ ಅಚ್ಚಲ್ಲಿ ತೆಗ್ದಿದಾರೆ."

"ಸಾರ್, ತಿರುಗಿಸಿ ಇಟ್ರೆ ಆಗಲ್ವಾ?" ಎಂದ ಹತ್ತಿರ ನಿಂತಿದ್ದ ಒಬ್ಬ.

"ಇಟ್ರ ಸ್ವಿಚ್ ಬೋರ್ಡ್ ಹೊರಗ ಬರ್ತೈತೋ ಮಾರಾಯಾ! ಮನ್ಯಾಗ ಲೈಟ್ ಹಚ್ಚಾಕ ಮಂದಿ ಮೆಟ್ಟಲದಾಗ ಬಂದು ನಿಂದರಬೇಕೇನು?" ಫಕೀರೇಶ ಮತ್ತೆ ಅವಳ ಕಡೆ ತಿರುಗಿದ. "ಅಲ್ರೀ, ಎಷ್ಟ್ ಸರಳ ಹೇಳ್ತೀರಲ್ರೀ! ಹೊಟ್ಯಾಗ ಒಂಚೂರೂ ಧಸಕ್ ಅನ್ನಲಿಲ್ಲೇನು?"

ಅನ್ನಲಿಲ್ಲ. ಅದೇ ತೊಂದರೆ.

ರಮ್ಯಶ್ರೀ ತನ್ನೊಳಗೆ ಇಣುಕಿ ನೋಡಿಕೊಂಡಳು. ಹೆದರಿಕೆ? ಇಲ್ಲ. ಅವಮಾನ? ಇಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿದರೆ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಅವಳ ಮನಸ್ಸು ಹಾಗಾಗಿ ಎಷ್ಟೋ ತಿಂಗಳಾಗಿತ್ತು.

"ತಪ್ಪು ನಂದು ಸಾರ್. ಚೆಕ್ ಮಾಡಿ ಸಹಿ ಹಾಕಿದ್ದು ಯಾರು ಅಂತ ಒಂದ್ಸಲ ನೋಡಿ."

ಫಕೀರೇಶ ಕೈಯಲ್ಲಿದ್ದ ಡ್ರಾಯಿಂಗ್ ಬಿಚ್ಚಿದ. ಕೆಳಗಿನ ಮೂಲೆಯಲ್ಲಿ ಅವನದೇ ಸಹಿ! ದೊಡ್ಡದಾಗಿ, ಅಂದವಾಗಿ.

ಅವನ ಸಿಟ್ಟು ಅಲ್ಲೇ ಇಳಿಯಿತು. ಗೋಡೆಯನ್ನು ಇಳಿಸಲು ಕೈಸನ್ನೆ ಮಾಡಿದ. ಆಮೇಲೆ ಕೆಂಪು ಬಣ್ಣದ ಡಬ್ಬಿಯೂ ಬ್ರಷ್ಷೂ ತರಿಸಿ, ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದ.

ರಿಜೆಕ್ಟ್. ಕಾರಣ: ಬಾಗಿಲು ತಪ್ಪು ಕಡೆ. ಮಾಡಿದವರು: ರಮ್ಯಶ್ರೀ. ನೋಡಿದವರು: ಫಕೀರೇಶ.

"ಯಾಕೆ ಬರೀತಿದೀರ?" ಅವಳು ಕೇಳಿದಳು.

"ನಮ್ಮ ಯಾರ್ಡಿನ ರೂಲ್ ಐತ್ರಿ. ಕಾರಣ ಬರೀದ ಯಾವ ಗ್ವಾಡೀನೂ ರಿಜೆಕ್ಟ್ ಮಾಡಂಗಿಲ್ಲ."

ಗೋಡೆಗಳಿಗೆ ನೀರು ಹೊಡೆಯುವ ಹನುಮವ್ವ ಪೈಪ್ ಕೆಳಗಿಟ್ಟು, ಓದು ಬರುವ ಹುಡುಗಿಯೊಬ್ಬಳಿಂದ ಓದಿಸಿಕೊಂಡಳು. ಓದಿಸಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಯವ್ವಾ! ಗ್ವಾಡಿ ಮ್ಯಾಲ ಜೋಡಿ ಹೆಸರ!"

ಎಲ್ಲರೂ ನಕ್ಕರು. ಫಕೀರೇಶನ ಕಿವಿ ಕೆಂಪಾಯಿತು. ರಮ್ಯಶ್ರೀ ಮಾತ್ರ ನಗಲಿಲ್ಲ, ಹೊರಡಲೂ ಇಲ್ಲ. ಆ ಒಂದು ಪದವನ್ನೇ ನೋಡುತ್ತ ನಿಂತಿದ್ದಳು.

ಕಾರಣ...

*

ವಾಪಸು ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತ್ತು. ಅವಳು ಕೂರಲಿಲ್ಲ. ಕೂರಬೇಕು ಅನ್ನಿಸಲಿಲ್ಲ, ನಿಲ್ಲಬೇಕು ಅಂತಲೂ ಅನ್ನಿಸಲಿಲ್ಲ.

'ಗೋಡೆಗೂ ಕಾರಣ ಬರೀತಾರೆ...'

ಕಳೆದ ಮಾಘದಲ್ಲಿ ಅವಳ ನಿಶ್ಚಿತಾರ್ಥವಾಗಿತ್ತು. ಹುಡುಗ ಚಂದ್ರಾ ಲೇಔಟಿನ ಅರುಣ್ ಕುಮಾರ್. ಸುಂಕದಕಟ್ಟೆಯ ತಮ್ಮ ಮನೆಯ ಮುಂದೆ ಶಾಮಿಯಾನ ಹಾಕಿಸಿ, ಒಬ್ಬಟ್ಟಿನ ಊಟ ಬಡಿಸಿ, ಎರಡೂ ಕಡೆಯ ಹಿರಿಯರು ತಟ್ಟೆ ಬದಲಾಯಿಸಿಕೊಂಡಿದ್ದರು. ಸೀರೆ, ಹೂವು, ಕೊಬ್ಬರಿ ಗಿಟುಕು, ಎಲೆ ಅಡಿಕೆ ಇಟ್ಟ ತಟ್ಟೆಗಳು. ಅವರದು ಇವರಿಗೆ, ಇವರದು ಅವರಿಗೆ. ತಟ್ಟೆ ಬದಲಾದರೆ ಮುಗಿಯಿತು, ಅರ್ಧ ಮದುವೆಯಾದಂತೆ ಎಂದು ಅಜ್ಜಿಯಂದಿರು ಹೇಳುವುದುಂಟು.

ಲಗ್ನಪತ್ರಿಕೆ ಹಂಚಲು ಶುರು ಮಾಡಿದ್ದರು. ಆಗ ಒಂದು ಮಧ್ಯಾಹ್ನ ಸಂಬಂಧ ಕುದುರಿಸಿದ್ದ ದಲ್ಲಾಳಿ ಒಬ್ಬನೇ ಬಂದು, ಇವರು ಕೊಟ್ಟಿದ್ದ ತಟ್ಟೆಗಳನ್ನು ಜಗಲಿಯ ಮೇಲೆ ಇಟ್ಟು ಹೋದ. ಹುಡುಗನ ತಾಯಿಗೆಂದು ಇಟ್ಟಿದ್ದ ಸೀರೆಯ ಮಡಿಕೆಯೂ ಬಿಚ್ಚಿರಲಿಲ್ಲ.

ಅಪ್ಪ ಬೈರಪ್ಪ ಫೋನ್ ಮಾಡಿ ಕೇಳಿದ. "ಯಾಕೆ ಸ್ವಾಮಿ? ಏನಾಯ್ತು? ನಮ್ಮಿಂದೇನಾದ್ರೂ..."

ಆ ಕಡೆಯಿಂದ ಒಂದೇ ಮಾತು. "ಏನೂ ಇಲ್ಲ ಬಿಡಿ."

ಅಷ್ಟೇ!

ಆಮೇಲೆ ಸುಂಕದಕಟ್ಟೆಯ ಬೀದಿಯೇ ಕಾರಣ ಹುಡುಕಲು ಕೂತಿತು. ಹುಡುಗಿ ಕಪ್ಪು ಅಂತ ಇರ್ಬೇಕು. ಕೆಲಸ ಬಿಡಲ್ಲ ಅಂದ್ಲಂತೆ. ಜಾತಕದಲ್ಲಿ ಏನೋ ಐಬಂತೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಆಡಿಕೊಳ್ಳುವವರ ಬಾಯಿಗೆ ಬೀಗ ಉಂಟೇ? ಅಮ್ಮ ಯಶೋದಮ್ಮ ಅತ್ತಳು, ಅಪ್ಪ ಮಾತು ಬಿಟ್ಟ. ರಮ್ಯಶ್ರೀ ಅಳಲಿಲ್ಲ. ಮಾರನೆಯ ದಿನ ಎಂದಿನ ಬಸ್ಸಿಗೆ ಆಫೀಸಿಗೆ ಹೋದಳು. ಕಂಪ್ಯೂಟರಿನ ಮುಂದೆ ಕೂತು, ಎಡಗಡೆಯ ಫ್ಲಾಟನ್ನು ಮಿರರ್ ಮಾಡಿ ಬಲಗಡೆಯ ಫ್ಲಾಟ್ ಮಾಡಿದಳು.

ಹೌದು. ಅದೇ ದಿನ.

ಅವಳು ಅಳದೇ ನುಂಗಿಕೊಂಡಿದ್ದು ಗೋಡೆಯಾಗಿ ಗಟ್ಟಿಯಾಗಿ, ಇವತ್ತು ಎಲ್ಲರ ಮುಂದೆ ಕ್ರೇನಿನಲ್ಲಿ ನೇತಾಡಿತ್ತು. ಅವಳಿಗೆ ಅದು ಕೂಡ ತಿಳಿಯಿತು. ತಿಳಿದರೂ ಏನೂ ಅನ್ನಿಸಲಿಲ್ಲ.

"ಸೈಟಲ್ಲಿ ಏನಾಯ್ತಮ್ಮ?" ಆ ರಾತ್ರಿ ಯಶೋದಮ್ಮ ಸಾರು ಬಡಿಸುತ್ತ ಕೇಳಿದಳು.

"ಬೈದ್ರು."

"ಅಯ್ಯೋ! ಮತ್ತೆ?"

"ಏನಿಲ್ಲ. ತಪ್ಪು ಮಾಡಿದ್ದೆ."

"ಸಾರಿಗೆ ಉಪ್ಪು ಸರಿ ಇದೆಯಾ?"

ರಮ್ಯಶ್ರೀ ಇನ್ನೊಂದು ತುತ್ತು ಬಾಯಿಗಿಟ್ಟಳು. "ಗೊತ್ತಾಗ್ತಿಲ್ಲಮ್ಮ."

ಯಶೋದಮ್ಮ ಸೌಟು ಹಿಡಿದು ಹಾಗೇ ನಿಂತಳು. ಸಾರಿಗೆ ಉಪ್ಪೇ ಹಾಕಿರಲಿಲ್ಲ. ಮಗಳಿಗೆ ತಿಳಿಯುತ್ತದೆಯೋ ಇಲ್ಲವೋ ನೋಡಬೇಕೆಂದು ಬೇಕೆಂದೇ ಬಿಟ್ಟಿದ್ದಳು.

*

ಮರುವಾರ ಫಕೀರೇಶ ವಿಜಯನಗರದ ಆಫೀಸಿಗೆ ಬಂದ. ಮೆಟ್ರೋ ಸ್ಟೇಷನ್ನಿನ ಹಿಂದಿನ ರಸ್ತೆ, ಕೆಳಗೆ ದರ್ಶಿನಿ, ಮೇಲೆ ಗಂಗಾಧರಯ್ಯನವರ ಡಿಸೈನ್ ಆಫೀಸು. ದೋಸೆಯ ಹೊಗೆ ಸೀದಾ ಮೀಟಿಂಗ್ ರೂಮಿಗೇ ಬರುತ್ತಿತ್ತು.

ಬಾಸ್ ಗಂಗಾಧರಯ್ಯ ಅಷ್ಟರಲ್ಲಿ ಅವಳಿಗೆ ಬೈದು ಮುಗಿಸಿದ್ದರು. ಅವಳು ತಿರುಗಿದ ಗೋಡೆಗಳಿಗೆಲ್ಲ ಹೊಸ ನಂಬರ್ ಕೊಟ್ಟು, ಮಾಡೆಲ್ ಪೂರ್ತಿ ಸರಿ ಮಾಡಿದ್ದಳು.

ಫಕೀರೇಶ ಒಂದೊಂದೇ ನೋಡಿ ಸಹಿ ಹಾಕಿದ. ಈ ಸಲ ನಿಧಾನವಾಗಿ. ಆಮೇಲೆ ಪೆನ್ನು ಜೇಬಿಗಿಟ್ಟು, "ಇನ್ನೊಂದ್ ಕೆಲಸ ಐತ್ರಿ," ಎಂದ.

"ಹೇಳಿ."

"ತಪ್ಪಾದ ಗ್ವಾಡಿ ಯಾರ್ಡಿನ್ಯಾಗ ಬಿದ್ದಾವ. ಒಡದು ಹಾಕೂದ. ಹನುಮವ್ವ, ಆಕಿ ಜೋಡಿ ಹೆಣ್ಮಕ್ಕಳು ನೀರ್ ಹೊಡೀತಾರಲ್ರೀ, ಅವ್ರಿಗೆ ಕುಂತು ಉಣ್ಣಾಕ ಒಂದ್ ಖೋಲಿ ಇಲ್ಲ. ಬಿಸಲಾಗ ಗ್ವಾಡಿ ನೆಳ್ಳಿಗೆ ಕುಂತು ಉಣ್ತಾರ. ಅದ ಗ್ವಾಡಿಯಿಂದ ಒಂದ್ ಖೋಲಿ ಕಟ್ಟೂನು ಅಂತ ಕಂಪನ್ಯಾಗ ಕೇಳೀನಿ. ಹೂಂ ಅಂದಾರ."

"ನಾನೇನು ಮಾಡ್ಬೇಕು?"

"ಎಲ್ಲಾರೂ ಮನಿ ಮೊದಲ ಬರದು, ಆಮ್ಯಾಲ ಗ್ವಾಡಿ ಬರೀತಾರ. ನಾವು ಉಲ್ಟಾ ಮಾಡೂನು. ಗ್ವಾಡಿ ಇದ್ದಾವ. ಮನಿ ನೀವು ಹುಡುಕ್ರಿ."

ರಮ್ಯಶ್ರೀ ಒಂದು ಹಾಳೆ ಎಳೆದುಕೊಂಡಳು. ಇಷ್ಟು ವರ್ಷದಲ್ಲಿ ಹೀಗೆ ಯಾರೂ ಕೇಳಿರಲಿಲ್ಲ.

"ಬಾಗಿಲು ಯಾವ ಕಡೆ ಬೇಕು?" ಅವಳು ಕೇಳಿದಳು.

"ನಿಮಗ ಯಾವ ಕಡೆ ಬೇಕ್ರೀ?"

"ಯಾವ ಕಡೆ ಆದ್ರೂ ಆಗುತ್ತೆ."

ಆ ದಿನಗಳಲ್ಲಿ ಅವಳ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು. ಕಾಫಿಯೋ ಟೀಯೋ? ಯಾವುದಾದ್ರೂ ಆಗುತ್ತೆ. ಕಿಟಕಿ ಪಕ್ಕ ಕೂರ್ತೀಯಾ? ಎಲ್ಲಾದ್ರೂ ಆಗುತ್ತೆ. ಬೇಕು, ಬೇಡ ಎಂಬ ಎರಡು ಪದ ಅವಳ ಬಾಯಿಂದ ಬಿದ್ದುಹೋಗಿದ್ದವು.

ಹೀಗೆ ಶುರುವಾಯಿತು. ಶನಿವಾರ ಆಫೀಸು ಅರ್ಧ ದಿನ. ಅವಳು ಮೆಟ್ರೋ ಹಿಡಿದು ಕೆಂಗೇರಿಗೆ ಹೋಗುತ್ತಿದ್ದಳು. ಇಬ್ಬರೂ ಟೇಪ್ ಹಿಡಿದು ಬಿದ್ದ ಗೋಡೆಗಳನ್ನು ಅಳೆಯುತ್ತಿದ್ದರು. ಎಲ್ಲಿ ಮೂಲೆ ಒಡೆದಿದೆ, ಯಾವುದರ ಸ್ವಿಚ್ ಗೂಡು ಒಳಕ್ಕೆ ಬರುತ್ತದೆ ಎಂದು ನೋಡಿ, ಅವಳು ಅಲ್ಲೇ ಲ್ಯಾಪ್‌ಟಾಪಿನಲ್ಲಿ ಒಂದೊಂದನ್ನೇ ತಿರುಗಿಸಿ ಜೋಡಿಸುತ್ತಿದ್ದಳು. ಒಂದು ಕೂಡಿದರೆ ಇನ್ನೊಂದು ಕೂಡುತ್ತಿರಲಿಲ್ಲ.

ಅವನು ತುಂಬ ಮಾತಾಡುತ್ತಿದ್ದ. ಅವಳು ಕೇಳುತ್ತಿದ್ದಳು. ಅವನ ಊರು, ಅವನ ಅವ್ವ, ಬೆಂಗಳೂರಿಗೆ ಬಂದ ಹೊಸತರಲ್ಲಿ ಹೋಟೆಲಿನಲ್ಲಿ ಸಾಂಬಾರಿಗೆ ಬೆಲ್ಲ ಯಾಕೆ ಹಾಕಿದ್ದೀರಿ ಎಂದು ಜಗಳ ಮಾಡಿದ್ದು...

'ಇವರಿಗೆ ಬಾಯಿ ನೋಯಲ್ವಾ?' ಎಂದುಕೊಂಡಳು ಒಮ್ಮೆ. ಆಮೇಲೆ ಬೆಚ್ಚಿದಳು. ಎಷ್ಟು ದಿನವಾಗಿತ್ತು, ಒಬ್ಬರ ಬಗ್ಗೆ ಏನಾದರೂ ಅಂದುಕೊಂಡು!

ಒಂದು ಶನಿವಾರ ಹನುಮವ್ವ ತನ್ನ ಬುತ್ತಿ ಬಿಚ್ಚಿದಳು. "ತಗೋ ಯವ್ವಾ. ಜ್ವಾಳದ ರೊಟ್ಟಿ, ಕೆಂಪ ಚಟ್ನಿ. ನಿಮ್ಮ ಕಡೆ ಇದು ಸಿಗಂಗಿಲ್ಲ."

ರಮ್ಯಶ್ರೀ ರೊಟ್ಟಿ ಮುರಿದು ಚಟ್ನಿ ಹಚ್ಚಿ ಬಾಯಿಗಿಟ್ಟಳು. ಎಂದಿನಂತೆ ಅಗಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ...

"ಅಮ್ಮಾ! ಖಾರ!"

ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಫಕೀರೇಶ ನೀರಿನ ಬಾಟಲಿ ಹಿಡಿದು ಓಡಿ ಬಂದ. ನಗು ತಡೆಯಲಾರದೆ ಅವನ ಭುಜ ಕುಲುಕುತ್ತಿತ್ತು.

"ನಗ್ಬೇಡ್ರೀ!"

ಅವನು ನಗು ನಿಲ್ಲಿಸಿ ಅವಳನ್ನು ನೋಡಿದ. "ಇವತ್ತ ಮೊದಲನೇ ಸಲ ನೀವು 'ಬ್ಯಾಡ' ಅಂದ್ರಿ."

ಅವಳು ಬಾಟಲಿ ಎತ್ತಿ ನೀರು ಕುಡಿದಳು. ನಾಲಿಗೆ ಉರಿಯುತ್ತಿತ್ತು. ಉರಿ ಹಿತವಾಗಿತ್ತು.

ಅದೇ ದಿನ, ಯಾಕೋ, ಅವಳು ತಟ್ಟೆಗಳ ಕಥೆ ಹೇಳಿದಳು. ಯಾರದೋ ಮನೆಯ ವಿಷಯ ಹೇಳುವಂತೆ ಹೇಳಿ ಮುಗಿಸಿದಳು.

ಅವನು ಅಯ್ಯೋ ಪಾಪ ಅನ್ನಲಿಲ್ಲ. ಆದದ್ದೆಲ್ಲ ಒಳ್ಳೆಯದಕ್ಕೇ ಅಂತಲೂ ಅನ್ನಲಿಲ್ಲ. "ಕಾರಣ ಹೇಳಲಿಲ್ಲ?" ಎಂದಷ್ಟೇ ಕೇಳಿದ.

"ಇಲ್ಲ. ಒಂದು ಕಾರಣ ಹೇಳಿದ್ರೆ ಸಾಕಿತ್ತು. ಕೆಟ್ಟದಾದ್ರೂ ಪರವಾಗಿರ್ಲಿಲ್ಲ. ಹಿಡ್ಕೊಂಡು ಅತ್ತುಬಿಡ್ತಿದ್ದೆ."

ಫಕೀರೇಶ ಕಾಲ ಬುಡದ ಜಲ್ಲಿಯೊಂದನ್ನು ಎತ್ತಿ ದೂರ ಎಸೆದ.

ಹೊರಡುವಾಗ ಅವಳು ತಿರುಗಿ ನಿಂತಳು. "ಸಾರ್... ರೂಮಿನ ಬಾಗಿಲು ಆ ಮೂಲೆ ಹೊಂಗೆ ಮರದ ಕಡೆ ಇರ್ಲಿ. ಹನುಮವ್ವಂಗೆ ಗಾಳಿ ಬರುತ್ತೆ."

"ಹಂಗಾ?"

"ಹೂಂ. ನನಗೆ ಆ ಕಡೆನೇ ಬೇಕು."

ಬೇಕು! ಅವಳೇ ಅಂದದ್ದು. ಮೆಟ್ರೋದಲ್ಲಿ ಸೀಟು ಸಿಕ್ಕಿತು. ಕೂತಳು.

*

ಇಲ್ಲಿಗೇ ಕಥೆ ಸುಖವಾಗಿ ಮುಗಿಯಬಹುದಿತ್ತು. ಆದರೆ ಗಂಡಸರು ಒಳ್ಳೆಯದು ಮಾಡಲು ಹೊರಟರೆ ಅರ್ಧವನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಾರೆ.

ಸೋಮವಾರ ಗಂಗಾಧರಯ್ಯ ಅವಳನ್ನು ಕರೆದರು.

"ರಮ್ಯಾ, ಕೆಂಗೇರಿ ಮಾಡೆಲ್ ಇವತ್ತಿಂದ ದರ್ಶನ್‌ಗೆ ಕೊಟ್ಬಿಡಮ್ಮ. ನೀನು ಬೇರೆ ಪ್ರಾಜೆಕ್ಟ್ ನೋಡ್ಕೋ."

"ಯಾಕೆ ಸಾರ್? ಮತ್ತೆ ಏನಾದ್ರೂ ತಪ್ಪಾಗಿದ್ಯಾ?"

"ಏನೂ ಇಲ್ಲ. ಆ ಫಕೀರೇಶ್ ಫೋನ್ ಮಾಡಿದ್ರು. ನಿನ್ನ ಡ್ರಾಯಿಂಗ್ ತಮ್ಮ ಹತ್ರ ಬರೋದು ಬೇಡ, ಬೇರೆಯವರಿಗೆ ಕೊಡಿ ಅಂದ್ರು."

"ಕಾರಣ?"

"ಕೇಳ್ದೆ. ಆಮೇಲೆ ಹೇಳ್ತೀನಿ ಸಾರ್ ಅಂದ್ರು. ಹೋಗ್ಲಿ ಬಿಡಮ್ಮ, ಕ್ಲೈಂಟು. ನಾವೇನ್ ಮಾಡೋಕಾಗುತ್ತೆ?"

ರಮ್ಯಶ್ರೀ ಹೂಂ ಎಂದಳು. ತನ್ನ ಜಾಗಕ್ಕೆ ಬಂದು ಕೂತಳು. ಫೈಲುಗಳನ್ನೆಲ್ಲ ದರ್ಶನ್‌ಗೆ ಒಪ್ಪಿಸಿದಳು. ಯಾವ ಗೋಡೆಗೆ ಯಾವ ನಂಬರ್ ಎಂದು ತಾಳ್ಮೆಯಿಂದ ವಿವರಿಸಿದಳು. ಕೆಳಗಿನ ದರ್ಶಿನಿಯಲ್ಲಿ ಕಾಫಿ ಕುಡಿದಳು. ಸಕ್ಕರೆ ಇತ್ತೋ ಇಲ್ಲವೋ, ತಿಳಿಯಲಿಲ್ಲ.

'ಮತ್ತೆ ವಾಪಸ್... ಮಡಿಕೆ ಬಿಚ್ಚದೆ.'

ಜೋಮು ಬಿಡುತ್ತಿದ್ದ ಕಾಲು ಮತ್ತೆ ಮರಗಟ್ಟಿತು. ಈ ಸಲ ಸೊಂಟದವರೆಗೆ, ಎದೆಯವರೆಗೆ.

ಬುಧವಾರ ಅವನ ಮೆಸೇಜ್ ಬಂತು. ಖೋಲಿ ಮುಗಿಯಾಕ ಬಂದೈತಿ. ಶನಿವಾರ ಬರ್ರಿ, ನಿಮ್ಮ ಜೋಡಿ ಒಂದ್ ಮಾತೈತಿ.

ಅವಳು ಫೋನನ್ನು ಬೋರಲು ಹಾಕಿದಳು. ಅವನು ಫೋನ್ ಮಾಡಿದ. ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಕೆಂಗೇರಿಗೆ ಹೋಗದೆ ಮನೆಗೆ ಬಂದದ್ದನ್ನು ಯಶೋದಮ್ಮ ನೋಡಿದಳು. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಇಬ್ಬರೂ ಕೂತಿದ್ದರು.

"ಇವತ್ತು ಸೈಟಿಗೆ ಹೋಗ್ಲಿಲ್ವಾ?"

"ಇಲ್ಲ. ಆ ಪ್ರಾಜೆಕ್ಟಿಂದ ತೆಗ್ಸಿದ್ರು."

"ಯಾರು? ಆ ಗದಗದ ಹುಡುಗನಾ?" ಯಶೋದಮ್ಮನ ಕೈ ನಿಂತಿತು. ಅವನ ಸುದ್ದಿ ಹೇಳುವಾಗ ಮಗಳ ತಟ್ಟೆ ಖಾಲಿಯಾಗುವುದನ್ನು ಅವಳು ಗಮನಿಸಿದ್ದಳು. ತಾಯಿ ಜೀವಕ್ಕೆ ಹೇಳಿಕೊಡಬೇಕೇ? "ಯಾಕಂತೆ?"

"ಹೇಳ್ಲಿಲ್ಲ."

ಮಗಳ ಮುಖ ನೋಡಿ ತಾಯಿಗೆ ಸಂಕಟವಾಯಿತು. ತಲೆ ಸವರಿ, ಬಾಯಿಗೆ ಬಂದ ಸಮಾಧಾನ ಹೇಳಿದಳು. "ಹೋಗ್ಲಿ ಮಗಳೇ... ಏನೂ ಇಲ್ಲ ಬಿಡು."

ಏನೂ ಇಲ್ಲ ಬಿಡು.

ರಮ್ಯಶ್ರೀಯ ಕೈಯಲ್ಲಿದ್ದ ಅವರೆಕಾಯಿ ನೆಲಕ್ಕೆ ಬಿತ್ತು. ಎದೆಯಲ್ಲಿ ಎಲ್ಲೋ ಒಂದು ಕಡೆ ಚುಳ್ ಎಂದಿತು. ಜೋಮು ಬಿಡುವಾಗ ಮೊದಲು ಮುಳ್ಳು ಚುಚ್ಚಿದಂತಾಗುತ್ತದಲ್ಲ, ಹಾಗೆ.

"ಏನಿಲ್ಲ ಅಂದ್ರೆ ಏನಮ್ಮ? ಏನೂ ಇಲ್ದೆ ಯಾರಾದ್ರೂ ವಾಪಸ್ ಕಳಿಸ್ತಾರಾ?"

"ರಮ್ಯಾ..."

"ಅವತ್ತೂ ಅದೇ ಮಾತು! ನೀವೂ ಬಿಟ್ರಿ, ನಾನೂ ಬಿಟ್ಟೆ. ಒಂದ್ಸಲ ಹೋಗಿ, ಎದುರಿಗೆ ನಿಂತು, ಯಾಕಪ್ಪಾ ಅಂತ ನಾನು ಕೇಳ್ಲಿಲ್ಲ ಕಣಮ್ಮ!" ಅವಳು ಎದ್ದು ನಿಂತಿದ್ದಳು. "ಈ ಸಲ ಕೇಳ್ತೀನಿ."

"ಈಗ ಎಲ್ಲಿಗೇ?"

"ಕೆಂಗೇರಿಗೆ!"

ಮಗಳು ಚಪ್ಪಲಿ ಮೆಟ್ಟಿ ದಡದಡ ಇಳಿದು ಹೋದಳು. ಯಶೋದಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಆದರೆ ಆ ದಿನ ಸಾರಿಗೆ ಮರೆಯದೆ ಉಪ್ಪು ಹಾಕಿದಳು.

*

ಯಾರ್ಡಿನ ಮೂಲೆಯಲ್ಲಿ, ಹೊಂಗೆ ಮರದ ಪಕ್ಕ, ಖೋಲಿ ಎದ್ದು ನಿಂತಿತ್ತು.

ಕಂಪ್ಯೂಟರಿನಲ್ಲಿ ಅವಳು ಜೋಡಿಸಿದ್ದು ಹೇಗೋ ಹಾಗೆಯೇ. ಬಾಗಿಲು ಮರದ ಕಡೆ. ಅಲ್ಲಿ ಮೇಲೆ ಯಾವ ಮಹಡಿಗೂ ಒಗ್ಗದ ಗೋಡೆ ಇಲ್ಲಿ ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು. ಅದರ ಮೇಲಿನ ಕೆಂಪು ಅಕ್ಷರಗಳನ್ನು ಯಾರೂ ಅಳಿಸಿರಲಿಲ್ಲ. ರಿಜೆಕ್ಟ್. ಕಾರಣ...

ಹನುಮವ್ವ ಮತ್ತು ಹೆಂಗಸರು ಒಳಗೆ ಕೂತು ಉಣ್ಣುತ್ತಿದ್ದರು. ಫಕೀರೇಶ ಬಾಗಿಲ ಚೌಕಟ್ಟು ಕೂರಿಸುತ್ತಿದ್ದ. ಅವಳನ್ನು ನೋಡಿ ಮುಖ ಅರಳಿತು.

"ಬಂದ್ರಿ! ನಾ ಅಂದ್ಕೊಂಡೆ ನೀವು..."

ಅವಳು ಮಾತಾಡಲಿಲ್ಲ. ಸೀದಾ ಹೋಗಿ, ಮೂಲೆಯಲ್ಲಿದ್ದ ಕೆಂಪು ಬಣ್ಣದ ಡಬ್ಬಿ, ಬ್ರಷ್ಷು ತಂದು ಅವನ ಕೈಗೆ ತುರುಕಿದಳು.

"ಬರೀರಿ!"

"ಏನ್ರೀ?"

"ಗೋಡೆಗಾದ್ರೂ ಕಾರಣ ಬರೀತೀರ. ಸಿಮೆಂಟು, ಜಲ್ಲಿ, ಅದಕ್ಕೆ! ನನ್ನನ್ನ ರಿಜೆಕ್ಟ್ ಮಾಡಿದ್ದಕ್ಕೂ ಬರೀರಿ. ಎಷ್ಟು ಕೆಟ್ಟದಿದ್ರೂ ಪರವಾಗಿಲ್ಲ, ಬರೀರಿ! ಅದನ್ನ ಓದಿಕೊಂಡೇ ಹೋಗ್ತೀನಿ."

ಖೋಲಿಯೊಳಗೆ ಅಗಿಯುವ ಸದ್ದೂ ನಿಂತಿತು.

"ಬರಿಯೋ ತಮ್ಮಾ," ಎಂದಳು ಹನುಮವ್ವ ಒಳಗಿಂದ. "ನನಗ ಓದಾಕ ಬರಂಗಿಲ್ಲ, ಆದ್ರ ಈ ಹುಡುಗಿ ಓದಿ ಹೇಳ್ತಾಳ."

ಫಕೀರೇಶ ಬ್ರಷ್ಷನ್ನು ಬಣ್ಣಕ್ಕೆ ಅದ್ದಿದ. ಎತ್ತಿದ. ಕೈ ಮುಂದೆ ಹೋಗಲಿಲ್ಲ. ಬಣ್ಣ ತೊಟ್ಟಿಕ್ಕಿ ಅವನ ಬೂಟಿನ ಮೇಲೆ ಬಿತ್ತು.

"ಇದು ರಿಜೆಕ್ಟ್ ಅಲ್ರೀ," ಎಂದ ಮೆಲ್ಲಗೆ.

"ಮತ್ತೇನು?"

"ನಿಮ್ಮ ಡ್ರಾಯಿಂಗ್ ಮ್ಯಾಲ ನನ್ನ ಸಹಿ ಬೀಳತೈತಿ. ನಾ ಹೂಂ ಅಂದ್ರ ನಿಮ್ಮ ಕೆಲಸ ಮುಂದ ಹೋಗತೈತಿ, ಉಹೂಂ ಅಂದ್ರ ನಿಂದರತೈತಿ. ಅಂಥಾ ಜಾಗದಾಗ ನಿಂತು, ನಾ ನಿಮಗ... ನನ್ನ ಮದಿವಿ ಆಗ್ತೀರೇನು ಅಂತ ಕೇಳಿದ್ರ..."

ಯಾರದೋ ಬುತ್ತಿಯ ಮುಚ್ಚಳ ಠಣ್ ಎಂದು ಕೆಳಗೆ ಬಿತ್ತು.

"...ಇಲ್ಲ ಅನ್ನಾಕ ನಿಮಗ ದಾರಿ ಎಲ್ಲೈತ್ರೀ? ನಾಳೆ ಇಂವ ಸಹಿ ಹಾಕ್ತಾನೋ ಇಲ್ಲೋ ಅಂತ ಅಂಜಿಕಿ ಇರತೈತಿ. ನೀವು ಮನಸು ಬಿಚ್ಚಿ ಇಲ್ಲ ಅನ್ನಂಗ ಇರ್ಬೇಕು. ಅದಕ್ಕ ಮೊದಲ ನಿಮ್ಮ ಕೆಲಸದಿಂದ ನನ್ನ ಸಹಿ ತೆಗಸೂನು, ಆಮ್ಯಾಲ ಕೇಳೂನು ಅಂದ್ಕೊಂಡೆ. ಖೋಲಿ ಮುಗಿದ ದಿನ, ಇಲ್ಲೇ."

"ಅದನ್ನ ನನಗೆ ಮೊದ್ಲು ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ?"

"ಅನಿಸಲಿಲ್ಲ." ಅವನ ದನಿ ಸಣ್ಣಗಾಯಿತು. "ನೀವು ತಟ್ಟೆ ವಿಷಯ ಹೇಳಿದ ಮ್ಯಾಲೂ ನನಗ ಹೊಳೀಲಿಲ್ಲ ನೋಡ್ರಿ. ಗ್ವಾಡಿಗೆಲ್ಲ ಬರದೆ, ನಿಮಗ ಬರೀಲಿಲ್ಲ. ತಪ್ಪು ನಂದು. ಪೂರಾ ನಂದ."

ರಮ್ಯಶ್ರೀ ಗೋಡೆಯ ಕಡೆ ತಿರುಗಿದಳು.

ಕಾರಣ ಸಿಕ್ಕಿತ್ತು. ತಟ್ಟೆಗಳದ್ದಲ್ಲ, ಆದರೂ ಇಷ್ಟು ತಿಂಗಳು ಅವಳು ಕಾದಿದ್ದು ಹೀಗೆ ಯಾರಾದರೂ ಎದುರು ನಿಂತು ಹೇಳುವ ಕಾರಣಕ್ಕೇ. ಅದು ಅವಳ ಬಣ್ಣವಾಗಿರಲಿಲ್ಲ, ಜಾತಕವಾಗಿರಲಿಲ್ಲ. ಅವಳು ಇಲ್ಲ ಅನ್ನಲು ಒಬ್ಬ ಮನುಷ್ಯ ದಾರಿ ಬಿಡಿಸಿಟ್ಟಿದ್ದ!

ಅವಳ ಕಣ್ಣು ತುಂಬಿತು. ಆಮೇಲೆ ಅವಳು ಆ ಕೆಂಪು ಅಕ್ಷರದ ಗೋಡೆಗೆ ಹಣೆ ಹಚ್ಚಿ ಜೋರಾಗಿ ಅತ್ತಳು. ಅವನಿಗಾಗಿ ಅಲ್ಲ, ಅವನಿಗಾಗಿ ಮಾತ್ರ ಅಲ್ಲ. ಜಗಲಿಯ ಮೇಲೆ ಬಂದು ಕೂತ ತಟ್ಟೆಗಳಿಗಾಗಿ, ಮಾತು ಬಿಟ್ಟ ಅಪ್ಪನಿಗಾಗಿ, ಉಪ್ಪು ತಿಳಿಯದೆ ಸಾರನ್ನು ಸುಮ್ಮನೆ ಉಂಡು ಎದ್ದ ತನಗಾಗಿ. ಅವತ್ತು ಅಳಬೇಕಾದ್ದನ್ನೆಲ್ಲ ಇವತ್ತು ಅತ್ತಳು.

ಫಕೀರೇಶ ಗಾಬರಿಯಾಗಿ ಎರಡು ಹೆಜ್ಜೆ ಮುಂದೆ ಬಂದ. ಹನುಮವ್ವ ಕೈ ಎತ್ತಿ ತಡೆದಳು. "ಸುಮ್ಕಿರು. ಅಳಲಿ. ಭಾಳ ದಿನದ್ದೈತಿ."

ಆಮೇಲೆ ಆಕೆ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು, ಪೈಪು ಹಿಡಿದು ಆ ಕಡೆಯ ಗೋಡೆಗಳಿಗೆ ನೀರು ಹೊಡೆಯಲು ಹೋದಳು. ಹೋಗುವಾಗ ಒಂದು ಬುತ್ತಿಯನ್ನು ಬೇಕೆಂದೇ ಮರೆತು ಬಿಟ್ಟಳು.

ಹೊಂಗೆಯ ಗಾಳಿ ಬಾಗಿಲಿನಿಂದ ಒಳಗೆ ಬರುತ್ತಿತ್ತು. ರಮ್ಯಶ್ರೀ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ಹಣೆಗೆ ಸಿಮೆಂಟಿನ ದೂಳು ಅಂಟಿತ್ತು. ಅವನು ಇನ್ನೂ ಬ್ರಷ್ ಹಿಡಿದೇ ನಿಂತಿದ್ದ.

"ನಾನು ಇಲ್ಲ ಅನ್ಬೋದಾ?" ಅವಳು ಕೇಳಿದಳು.

"ಅನ್ನಬೋದ್ರೀ. ಅದಕ್ಕ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು."

"ಅಂದ್ರೆ, ಕಾರಣ ಕೇಳ್ತೀರಾ?"

"ಕೇಳ್ತೀನಿ." ಅವನು ಬ್ರಷ್ಷಿನಿಂದ ಗೋಡೆ ತೋರಿಸಿದ. "ಯಾರ್ಡಿನ ರೂಲ್ ಐತಿ. ಕಾರಣ ಇಲ್ದ ರಿಜೆಕ್ಟ್ ಮಾಡಂಗಿಲ್ಲ."

ಅವಳು ಗೋಡೆಯ ಕಡೆ ನೋಡಿದಳು. ಮಾ‌ಡಿದವರು, ನೋಡಿದವರು, ಎರಡು ಹೆಸರು. ಬಹಳ ಹೊತ್ತು ಯೋಚಿಸುವವಳಂತೆ ನಿಂತಳು. ಪಾಪ, ಅವನ ಹಣೆಯಲ್ಲಿ ಬೆವರೊಡೆಯಿತು!

"ಹುಡುಕ್ದೆ," ಎಂದಳು ಕೊನೆಗೆ. "ಒಂದು ಕಾರಣಾನೂ ಸಿಗ್ತಿಲ್ಲ ಕಣ್ರೀ."

"ಹಂಗಂದ್ರ..." ಅವನು ಒಂದು ಹೆಜ್ಜೆ ಮುಂದೆ ಬಂದ. "ಹೂಂ ಅಂತೇನ್ರೀ?"

"ಹೂಂ ಅಂತ. ಆದ್ರೆ ನಮ್ಮನೇಗೆ ಬರುವಾಗ ತಟ್ಟೆ ಗಿಟ್ಟೆ ತರ್ಬೇಡಿ."

"ಇಲ್ರೀ! ಅವ್ವಗ ಹೇಳ್ತೀನಿ, ರೊಟ್ಟಿ ಕಟ್ಟಿಸ್ಕೊಂಡು ಬರ್ತೀವಿ. ಅದನ್ನ ಉಂಡುಬಿಟ್ರ ವಾಪಸ್ ಕಳಸಾಕ ಏನೂ ಉಳ್ಯಂಗಿಲ್ಲ."

ಅವಳು ನಕ್ಕಳು. ನಕ್ಕು, ನೆಲದ ಮೇಲೆ ಕೂತು, ಹನುಮವ್ವ ಬಿಟ್ಟುಹೋದ ಬುತ್ತಿಯನ್ನು ಹತ್ತಿರ ಎಳೆದುಕೊಂಡಳು.

"ಖಾರ ಐತ್ರಿ, ಹುಷಾರ್," ಎಂದ ಅವನು.

"ಗೊತ್ತು," ಎಂದಳು. "ನನಗೆ ಬೇಕು. ತುಂಬಾ ಹಸಿವಾಗ್ತಿದೆ."